ಅಪ್‌ಡೇಟ್: ಸಿವಿಲೈಸೇಶನ್ 5ಕ್ಕೆ ಕೊನೆಗೂ ಸರಿಹೊಂದಿದ ಮಾಡ್

ಕಳೆದ ವಾರ ಕೇಳಿದ್ದೆನಲ್ಲ, ಸಿವಿಲೈಸೇಶನ್ 5 ಅನ್ನೋ ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಗೇಮ್‌ನಲ್ಲಿ ಅರ್ಧ ಆಟ ಮುಗಿಯುವಷ್ಟರಲ್ಲಿ ಗೆಲುವು ಖಚಿತವಾಗಿ ಬೇಜಾರಾಗುತ್ತೆ, ಯಾವ ಮಾಡ್ (ಆಟವನ್ನು ಬದಲಿಸೋಕೆ ಆಟಗಾರರೇ ಮಾಡಿದ ಸೇರ್ಪಡೆ) ಹಾಕಲಿ ಅಂತ. ಉತ್ತರ ಸಿಕ್ಕಿತು: ವಾಕ್ಸ್ ಪಾಪ್ಯುಲಿ. ಸೂಚಿಸಿದವರಿಗೆ ತುಂಬಾ ಥ್ಯಾಂಕ್ಸ್!

ಡಿಫಿಕಲ್ಟಿ ಏರಿಸಿ ಅಂದಿದ್ದರು ಕೆಲವರು. ಅತಿ ಕಷ್ಟದ ಹಂತವಾದ ಡೀಟಿಯಲ್ಲಿ ಕಂಪ್ಯೂಟರ್ ಎದುರಾಳಿ ಎರಡು ಸೆಟ್ಲರ್‌ಗಳೊಂದಿಗೆ (ಊರು ಕಟ್ಟುವವರು) ಶುರು ಮಾಡುತ್ತಾನೆ, ಆದರೆ ಬುದ್ಧಿ ಮಾತ್ರ ಮೊದಲಿನಷ್ಟೇ. ಸಣ್ಣಪುಟ್ಟ ಮಾಡ್‌ಗಳನ್ನು ಒಟ್ಟಿಗೆ ಹಾಕಿದಾಗ ಆಟ ತೆರೆಯಲೇ ಇಲ್ಲ. ಡಿಎಲ್‌ಎಲ್ (ಆಟದ ಮುಖ್ಯ ಕೋಡ್ ಇರುವ ಫೈಲ್) ಬದಲಿಸುವ ಮಾಡ್ ಒಂದು ಸಲಕ್ಕೆ ಒಂದೇ ಇರಬೇಕಂತೆ, ನಾನು ಎರಡು ಹಾಕಿದ್ದೆ.

ವಾಕ್ಸ್ ಪಾಪ್ಯುಲಿ ಹಾಕಿದ ಮೇಲೆ ಈಗಿನ ಯುದ್ಧ ನೋಡಬೇಕು! ನಿನ್ನೆ ನನ್ನ ಗಡಿಗೆ ಬಂದ ಎದುರಾಳಿಯ ಬಿಲ್ಲುಗಾರರು ಪೆಟ್ಟು ತಿಂದ ಕೂಡಲೇ ಹಿಂದೆ ಸರಿದರು, ಕುದುರೆ ಸವಾರರು ಮುಂದೆ ಬಂದರು. ನಾಲ್ಕು ಟರ್ನ್ ಆದಮೇಲೆ ಅದೇ ಬಿಲ್ಲುಗಾರರು ಚೇತರಿಸಿಕೊಂಡು ಹಾಜರು. ಊರು ಉಳಿಸಿಕೊಳ್ಳೋಕೆ ಬೆವರಿಳಿಯಿತು.

ಹಾಕುವವರು ಗಮನಿಸಿ: ಆಟದ ವಿಸ್ತರಣೆಗಳಾದ (ಎಕ್ಸ್‌ಪಾನ್ಶನ್) ಗಾಡ್ಸ್ ಅಂಡ್ ಕಿಂಗ್ಸ್, ಬ್ರೇವ್ ನ್ಯೂ ವರ್ಲ್ಡ್ ಎರಡೂ ಬೇಕು. ಹಳೇ ಸೇವ್‌ಗಳು (ಉಳಿಸಿಟ್ಟ ಆಟಗಳು) ನಡೆಯಲ್ಲ. ಹೊಸ ಸೇವ್‌ಗಳನ್ನೂ ಮಾಡ್ಸ್ ಮೆನುವಿನಿಂದಲೇ ತೆರೆಯಬೇಕು. ಇದು ಗೊತ್ತಿಲ್ಲದೆ ಒಂದು ಸಂಜೆ ಹೋಯಿತು. ಅಚೀವ್‌ಮೆಂಟ್‌ಗಳೂ ಸಿಗಲ್ಲ, ನನಗಂತೂ ಅದರ ಚಿಂತೆಯಿಲ್ಲ.