ಎಣ್ಣೆ ಮಾರಲು ಮಾಯೆಯ ಮಾತು ಬೇಕೇ? ಅನುಭವ ಇದ್ದವರು ತಿಳಿಸಿ

ಕೇಳಿದವರು, ತಿಪಟೂರು ಸಮೀಪದಿಂದ

ನಮ್ಮದು ಸಣ್ಣ ಮರದ ಗಾಣ. ನಾನೂ ಅತ್ತೆಯವರೂ ಸೇರಿ ಕೊಬ್ಬರಿ ಎಣ್ಣೆ ತೆಗೆಯುತ್ತೇವೆ. ಇದುವರೆಗೆ ಗೊತ್ತಿರುವವರಿಗಷ್ಟೇ ಮಾರಿದ್ದೇವೆ. ಈಗ ಬೆಂಗಳೂರಿಗೂ ಕಳಿಸುವ ಆಸೆ. ಸೀಸೆಯ ಚೀಟಿಗೆ ನಾನು ಬರೆದ ಸಾಲು ಇದು: "ಕಲಬೆರಕೆ ಇಲ್ಲ, ರಾಸಾಯನಿಕ ಇಲ್ಲ, ಕಮಟು ವಾಸನೆ ಇಲ್ಲ." ಚೀಟಿ ಅಚ್ಚು ಹಾಕುವವರು ಓದಿ, "ಪವಾಡ, ಚಮತ್ಕಾರ ಎಂದು ಏನಾದರೂ ಸೇರಿಸಿ, ಇಲ್ಲದಿದ್ದರೆ ಯಾರೂ ಕೊಳ್ಳುವುದಿಲ್ಲ" ಎಂದರು. ಜನರ ಮನಸ್ಸಿನಲ್ಲಿರುವ ಇಂಥ ನಂಬಿಕೆಗಳನ್ನು ಜಾಹೀರಾತಿಗೆ ಬಳಸಬಹುದೇ? ಬಳಸಿ ನೋಡಿದವರು ಹೇಳಿ.

ಜಾಹೀರಾತು ಬರೆಯುವವರು, ಬೆಂಗಳೂರು

ಇಪ್ಪತ್ತೆರಡು ವರ್ಷದಿಂದ ಇದೇ ನನ್ನ ಕೆಲಸ. ಕೊಳ್ಳುವವರ ಮನಸ್ಸು ಮಂತ್ರದ ದಾರಿಯಲ್ಲಿ ಓಡುತ್ತದೆ ಎಂಬುದು ನಿಜ. ಆದರೆ 'ಪವಾಡ' ಎಂದು ಬರೆದ ಮಾತ್ರಕ್ಕೆ ಆ ದಾರಿ ತೆರೆಯುವುದಿಲ್ಲ.

ತೀರಿಕೊಂಡ ಅಜ್ಜಿಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿಸುತ್ತೇವಲ್ಲ, ಹೊಸ ಕಂಬಳಿಗೆ ಇಲ್ಲದ ಬಿಸುಪು ಅದಕ್ಕೆ ಇರುತ್ತದೆ. ಮುಟ್ಟಿದ್ದರ ಗುಣ ಮುಟ್ಟಿಸಿಕೊಂಡದ್ದಕ್ಕೆ ಅಂಟುತ್ತದೆ ಎಂಬ ನಂಬಿಕೆ ಎಲ್ಲರೊಳಗೂ ಇದೆ, ಓದಿದವರೊಳಗೂ ಇದೆ. ಕೇಡೂ ಹಾಗೆಯೇ ಅಂಟುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಸತ್ತ ಜಿರಳೆಯನ್ನು ಸಂಪೂರ್ಣ ಕ್ರಿಮಿಶುದ್ಧಗೊಳಿಸಿ ಹಣ್ಣಿನ ರಸದಲ್ಲಿ ಅದ್ದಿ ತೆಗೆದರು. ಅಪಾಯವಿಲ್ಲವೆಂದು ತಿಳಿದಿದ್ದೂ ಜನ ಆ ರಸವನ್ನು ಕುಡಿಯಲು ಹಿಂಜರಿದರು. 1990ರಲ್ಲಿ ಬಂದ ಮತ್ತೊಂದು ಪ್ರಯೋಗವಂತೂ ನಿಮಗೆಂದೇ ಮಾಡಿದಂತಿದೆ. ಸಕ್ಕರೆಯ ಸೀಸೆಯ ಮೇಲೆ "ಇದು ಸಯನೈಡ್ ಅಲ್ಲ, ವಿಷವಲ್ಲ" ಎಂದು ಚೀಟಿ ಅಂಟಿಸಿದರು. ಆಗಲೂ ಜನರಿಗೆ ಆ ಸಕ್ಕರೆ ಬೇಡವೆನಿಸಿತು. ಮನಸ್ಸು 'ವಿಷ'ವನ್ನು ಹಿಡಿದುಕೊಂಡು 'ಅಲ್ಲ'ವನ್ನು ಕೈಬಿಟ್ಟಿತ್ತು.

ಈಗ ನಿಮ್ಮ ಸಾಲನ್ನು ಮತ್ತೆ ಓದಿ. ಮೂರು 'ಇಲ್ಲ'ಗಳ ಜೊತೆ ಕಲಬೆರಕೆ, ರಾಸಾಯನಿಕ, ಕಮಟು, ಮೂರನ್ನೂ ನೀವೇ ಸೀಸೆಯೊಳಗೆ ಇಳಿಸಿದ್ದೀರಿ. ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಉತ್ತರ ಕನ್ನಡದ ಜೇನು ಸಾಕಣೆದಾರರೊಬ್ಬರಿಗೆ "ಸಕ್ಕರೆ ಪಾಕ ಬೆರೆಸಿಲ್ಲ" ಎಂದು ಬರೆದುಕೊಟ್ಟೆ. ಮೇಳದಲ್ಲಿ ಅವರ ಮಳಿಗೆಯ ಪಕ್ಕ ನಿಂತು ನೋಡಿದರೆ, ಚೀಟಿ ಓದಿದವರೆಲ್ಲ ಸೀಸೆಯನ್ನು ಬೆಳಕಿಗೆ ಹಿಡಿದು ಪಾಕವನ್ನೇ ಹುಡುಕುತ್ತಿದ್ದರು. ಆ ಸಾಲು ತೆಗೆದು, ಪೆಟ್ಟಿಗೆ ಇಟ್ಟ ತೋಟ ಯಾವುದು, ಆಗ ಸುತ್ತ ಬಿಟ್ಟಿದ್ದ ಹೂ ಯಾವುದು, ತುಪ್ಪ ತೆಗೆದ ತಿಂಗಳು ಯಾವುದು ಎಂದು ಬರೆದೆವು. ಮುಂದಿನ ಮೇಳದಲ್ಲಿ ಜನ ಹೂವಿನ ಬಗ್ಗೆ ಕೇಳಿದರು. ಕೇಳಿದವರು ಕೊಂಡೂ ಹೋದರು.

ನಿಮ್ಮ ಬಳಿ ಇದಕ್ಕಿಂತ ದೊಡ್ಡ ಸಂಪತ್ತಿದೆ. ನಿಮ್ಮ ಸೀಮೆಯಲ್ಲಿ ಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತಾರೆ. ಒಳಗಿನ ನೀರು ತಾನಾಗಿಯೇ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲುಗಾಡಿಸಿದರೆ ಗುಂಡು ಒಳಗೇ ಸದ್ದು ಮಾಡುತ್ತದೆ. ನಗರದ ಎಷ್ಟು ಜನರಿಗೆ ಇದು ಗೊತ್ತು? ಆ ಕತ್ತಲು, ಆ ಕಾಯುವಿಕೆ, ಅಲುಗಾಡಿಸಿ ನೋಡುವ ನಿಮ್ಮ ಅತ್ತೆಯ ಕೈ, ಇವು ಎಣ್ಣೆಯನ್ನು ನಿಜವಾಗಿ ಮುಟ್ಟಿವೆ. ಅವನ್ನು ಬರೆಯಿರಿ. ನಿಮ್ಮ ಕಾಯಿ ಅಟ್ಟದಲ್ಲಿ ಒಣಗಿದ್ದಲ್ಲದಿದ್ದರೆ ಮಾತ್ರ ಬರೆಯಬೇಡಿ. ಸುಳ್ಳು ಸ್ಪರ್ಶವನ್ನು ಒಮ್ಮೆ ಹಿಡಿದ ಗ್ರಾಹಕರು ಮತ್ತೆಂದೂ ಬರುವುದಿಲ್ಲ.

ದಿನಸಿ ಅಂಗಡಿಯವರು, ದಾವಣಗೆರೆ

ತಂಗಿ, ನನ್ನ ಅಂಗಡಿಯಲ್ಲಿ ಗಾಣದ ಎಣ್ಣೆ ಕೇಳುವವರು ಮೊದಲು ಮುಚ್ಚಳ ತೆಗೆದು ಮೂಸುತ್ತಾರೆ, ಆಮೇಲೆ "ಯಾರ ಗಾಣದ್ದು?" ಎನ್ನುತ್ತಾರೆ. ಶುದ್ಧವೇ ಎಂದು ಕೇಳಿದವರು ಕಡಿಮೆ. ಊರಿನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಕಿಸಿ. ಕೊಬ್ಬರಿ ಎಂದರೆ ತಿಪಟೂರು ಎಂದು ನಮ್ಮ ಕಡೆ ಮಕ್ಕಳೂ ಹೇಳುತ್ತಾರೆ.

ಶಿಕ್ಷಕಿ, ಉಡುಪಿ

ಊರಿನ ಹೆಸರಿನ ಮಾತು ಬಂದದ್ದಕ್ಕೆ ಇದನ್ನು ಸೇರಿಸುತ್ತೇನೆ. ನಮ್ಮ ಮಟ್ಟುಗುಳ್ಳ ನೋಡಲು ಹಸಿರು ಗುಂಡು ಬದನೆ, ಅಷ್ಟೇ. ಅದರ ಬೀಜವನ್ನು ಯತಿಗಳಾದ ವಾದಿರಾಜರು ಮಟ್ಟು ಊರಿನವರಿಗೆ ಕೊಟ್ಟರೆಂಬ ಪ್ರತೀತಿ ಇದೆ. ಹಾಗಾಗಿ ಇಲ್ಲಿಯವರಿಗೆ ಅದು ಬರೀ ತರಕಾರಿಯಲ್ಲ. ಈಗ ಅದಕ್ಕೆ ಭೌಗೋಳಿಕ ಸೂಚಕದ, ಅಂದರೆ ಆ ಹೆಸರು ಆ ಸೀಮೆಯ ಬೆಳೆಗೇ ಸಲ್ಲುತ್ತದೆಂಬ, ಮಾನ್ಯತೆಯೂ ಇದೆ. ಇಂಥ ಕಥೆಯನ್ನು ಯಾವ ಜಾಹೀರಾತು ಕಂಪನಿಯೂ ಹೊಸದಾಗಿ ಹುಟ್ಟಿಸಲಾರದು. ನಿಮ್ಮ ಗಾಣಕ್ಕೂ ಮನೆತನದ ಕಥೆಯೊಂದು ಇದ್ದೇ ಇರುತ್ತದೆ. ಅತ್ತೆಯವರನ್ನು ಕೂರಿಸಿಕೊಂಡು ಕೇಳಿ.

ಆಯುರ್ವೇದ ಔಷಧಿ ಮಾರಾಟದಲ್ಲಿದ್ದವರು, ಹುಬ್ಬಳ್ಳಿ

ಪವಾಡ ಎಂಬ ಶಬ್ದದ ಹತ್ತಿರವೂ ಹೋಗಬೇಡಿ. ನಾನು ಮೊದಲಿದ್ದ ಕಂಪನಿ ಚೂರ್ಣವೊಂದಕ್ಕೆ "ಸಕ್ಕರೆ ಕಾಯಿಲೆ ಮಾಯ" ಎಂದು ಕರಪತ್ರ ಹಂಚಿತು. ಅಧಿಕಾರಿಗಳ ನೋಟಿಸ್ ಬಂತು. ಅದಕ್ಕಿಂತ ಕೆಟ್ಟದ್ದೆಂದರೆ, ಒಬ್ಬ ಹಿರಿಯರು ಆ ಕರಪತ್ರವನ್ನು ನಂಬಿ ಮಾತ್ರೆ ನಿಲ್ಲಿಸಿದ್ದರು. ಅವರ ಮಗ ಅಂಗಡಿಯೆದುರು ನಿಂತು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಆ ಕೆಲಸ ಬಿಟ್ಟೆ.

ಇದಕ್ಕೆಂದೇ 1954ರಿಂದ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಇದೆ. ಮಧುಮೇಹ, ಕ್ಯಾನ್ಸರ್ ಮೊದಲಾದವನ್ನು ಗುಣಪಡಿಸುತ್ತೇವೆಂದು ಸಾರುವಂತಿಲ್ಲ, ತಾಯಿತ ಮಂತ್ರಗಳಿಂದ ರೋಗ ವಾಸಿಯೆಂದೂ ಸಾರುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲವೇ ಹತ್ತು ಲಕ್ಷ ರೂಪಾಯಿವರೆಗೆ ದಂಡವಿದೆ. ಚಿತ್ರದ ವಿಷಯದಲ್ಲೂ ಎಚ್ಚರ ಬೇಕು. ಮೊಣಕಾಲುದ್ದ ಜಡೆಯ ಹೆಂಗಸಿನ ಚಿತ್ರ ಹಾಕಿದರೆ, ಒಂದು ಅಕ್ಷರ ಬರೆಯದಿದ್ದರೂ ಕೂದಲು ಬೆಳೆಯುತ್ತದೆಂದು ಹೇಳಿದಂತೆಯೇ.

ಕೇಳಿದವರು

ಎಲ್ಲರಿಗೂ ಕೈಮುಗಿದು ವಂದನೆ. ನಿನ್ನೆ ರಾತ್ರಿ ಅತ್ತೆಯವರನ್ನು ಕೇಳಿದೆ. ಗಾಣದ ಮರ ಅವರ ಮಾವ ತಮ್ಮ ಹೊಲದ ಬದುವಿನಲ್ಲೇ ಕಡಿಸಿದ ಬಾಗೆಯ ಮರವಂತೆ. ನನಗೆ ಇದುವರೆಗೆ ಗೊತ್ತೇ ಇರಲಿಲ್ಲ. ಈಗ ಹೀಗೆ ಬರೆದಿದ್ದೇನೆ: "ಹತ್ತು ತಿಂಗಳು ಅಟ್ಟದ ಕತ್ತಲಲ್ಲಿ ಒಣಗಿದ ಕೊಬ್ಬರಿ. ಅಲುಗಾಡಿಸಿ, ಸದ್ದು ಕೇಳಿ, ನಮ್ಮ ಅತ್ತೆ ಆರಿಸಿದ್ದು. ತಾತನ ಬದುವಿನ ಬಾಗೆ ಮರದ ಗಾಣದಲ್ಲಿ ಹಿಂಡಿದ ಅಪ್ಪಟ ಎಣ್ಣೆ."

ಜಾಹೀರಾತು ಬರೆಯುವವರು, ಬೆಂಗಳೂರು

ಓದಿ ಬಹಳ ಸಂತೋಷವಾಯಿತು. 'ಅಪ್ಪಟ' ಒಂದನ್ನು ತೆಗೆದುಬಿಡಿ. ಮೊದಲ ಸೀಸೆ ನನಗೆ ಕಳಿಸಿ.