ಬಳ್ಳಾರಿಯಲ್ಲಿ ಮ್ಯಾಕ್ರೋಫೇಜ್ ಬೆಳೆಸುವುದು: ಪದರ ಬರುತ್ತಿಲ್ಲ, ಕೋಶ ಉಳಿಯುತ್ತಿಲ್ಲ, ಅನುಭವ ಇದ್ದವರು ಹೇಳಿ

ಪ್ರಶ್ನೆ: ಪಿಎಚ್‌ಡಿ ಮೊದಲ ವರ್ಷದ ವಿದ್ಯಾರ್ಥಿನಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನನ್ನ ವಿಷಯ ಗಣಿ ಧೂಳು ಮತ್ತು ಮ್ಯಾಕ್ರೋಫೇಜ್, ಅಂದರೆ ಧೂಳಿನ ಕಣ, ಬ್ಯಾಕ್ಟೀರಿಯಾಗಳನ್ನು ನುಂಗುವ ರೋಗನಿರೋಧಕ ಕೋಶ. ರಕ್ತದಿಂದ ಮಾನೋಸೈಟ್ ಎಂಬ ಬಿಳಿಕಣ ತೆಗೆದು, ಏಳು ದಿನ ಬೆಳೆಸಿ ಮ್ಯಾಕ್ರೋಫೇಜ್ ಮಾಡಬೇಕು. ಮೂರು ತೊಂದರೆ. ಫೈಕಾಲ್ ಎಂಬ ಸಾಂದ್ರ ದ್ರವದ ಮೇಲೆ ರಕ್ತ ಹಾಕಿ ತಿರುಗಿಸಿದರೆ ಬೇಕಾದ ಕೋಶಗಳ ಬಿಳಿ ಪದರ ಕೆಲವು ಸಲ ಕಾಣುವುದೇ ಇಲ್ಲ, ಕಂಡರೂ ಕೆಂಪಾಗಿರುತ್ತೆ. ಡಿಸೆಂಬರ್‌ನಲ್ಲಿ ಚೆನ್ನಾಗಿದ್ದ ಕಲ್ಚರ್ ಮಾರ್ಚ್ ಮುಗಿಯುವಷ್ಟರಲ್ಲಿ ನಾಲ್ಕನೇ ದಿನಕ್ಕೇ ಸಾಯುತ್ತಿದೆ. ಜೊತೆಗೆ ನಮ್ಮಲ್ಲಿ ಫ್ಲೋ ಸೈಟೋಮೀಟರ್ (ಬಣ್ಣ ಹಚ್ಚಿದ ಕೋಶಗಳನ್ನು ಒಂದೊಂದಾಗಿ ಓದುವ ಯಂತ್ರ) ಇಲ್ಲ. ಈ ಕೆಲಸ ಇಲ್ಲಿಂದಲೇ ಆಗುತ್ತಾ, ಇಲ್ಲಾ ಬೆಂಗಳೂರಿಗೆ ಹೋಗಲೇಬೇಕಾ?

ಉತ್ತರ: ರಾಯಚೂರು, ರಕ್ತ ಪರೀಕ್ಷೆಯ ಲ್ಯಾಬ್

ಪದರ ಕಾಣದಿರುವುದಕ್ಕೆ ನಮ್ಮ ಕಡೆ ಬಹಳ ಸಲ ಸೆಖೆಯೇ ಕಾರಣ. ಫೈಕಾಲ್ ಬಾಟಲಿ ಮೇಲೆ ಸಾಂದ್ರತೆ ಮಿ.ಲೀ.ಗೆ 1.077 ಗ್ರಾಂ ಎಂದು ಬರೆದಿರುತ್ತಾರೆ. ಅದು 20 ಡಿಗ್ರಿಯ ಲೆಕ್ಕ. ದ್ರವ ಬಿಸಿಯಾದರೆ ಸಾಂದ್ರತೆ ಇಳಿಯುತ್ತೆ, ಮೇಲೆ ನಿಲ್ಲಬೇಕಾದ ಲಿಂಫೋಸೈಟ್, ಮಾನೋಸೈಟ್‌ಗಳೂ ಕೆಂಪುಕಣಗಳ ಜೊತೆ ತಳಕ್ಕೆ ಹೋಗುತ್ತವೆ. ಫ್ರಿಜ್‌ನಿಂದ ತೆಗೆದು ಹಾಗೇ ಬಳಸಿದರೆ ಇನ್ನೊಂದು ತಾಪತ್ರಯ: ತಣ್ಣಗಿದ್ದಾಗ ಕೆಂಪುಕಣಗಳು ಗುಂಪುಗೂಡುವುದು ಕಡಿಮೆ, ಹಾಗಾಗಿ ತಳ ಸೇರದೆ ಪದರದಲ್ಲೇ ಉಳಿಯುತ್ತವೆ. ಫೈಕಾಲ್, ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ), ರಕ್ತ ಮೂರೂ 18ರಿಂದ 20 ಡಿಗ್ರಿಗೆ ಬಂದಿರಬೇಕು. ಸೆಂಟ್ರಿಫ್ಯೂಜ್‌ಗೆ ಕೂಲಿಂಗ್ ಇಲ್ಲದಿದ್ದರೆ ಒಂದು ಗಂಟೆ ಮೊದಲೇ ಎಸಿ ಹಾಕಿ, ಮುಚ್ಚಳ ತೆರೆದಿಡಿ. ರೋಟರ್ ದಪ್ಪ ಲೋಹ, ತಣ್ಣಗಾಗಲು ಹೊತ್ತು ಹಿಡಿಯುತ್ತೆ.

ಅಳತೆ ಹೀಗೆ. 10 ಮಿ.ಲೀ. ರಕ್ತಕ್ಕೆ 10 ಮಿ.ಲೀ. ಪಿಬಿಎಸ್, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರಬಾರದು, ಹೆಪ್ಪುಗಟ್ಟದಂತೆ ತಡೆಯಲು 2 ಮಿಲಿಮೋಲಾರ್ ಇಡಿಟಿಎ ಇರಲಿ. 50 ಮಿ.ಲೀ. ಟ್ಯೂಬಿನಲ್ಲಿ 15 ಮಿ.ಲೀ. ಫೈಕಾಲ್. ಟ್ಯೂಬನ್ನು ವಾಲಿಸಿ ಹಿಡಿದು, ಪಿಪೆಟ್ ತುದಿಯನ್ನು ಗೋಡೆಗೆ ತಾಗಿಸಿ, ರಕ್ತ ಜಾರಿ ಇಳಿಯುವಂತೆ ಬಿಡಿ. ಎರಡರ ನಡುವಿನ ಗೆರೆ ಚಾಕುವಿನಿಂದ ಕೊಯ್ದಷ್ಟು ನೇರ ಕಾಣಬೇಕು. ಕೆಂಪು ಹೊಗೆಯಂತೆ ಕೆಳಗಿಳಿದಿದ್ದರೆ ಆ ಟ್ಯೂಬ್ ಆಗಲೇ ಕೆಟ್ಟಿತು.

400 ಜಿ (ಗುರುತ್ವದ 400 ಪಟ್ಟು), 30 ನಿಮಿಷ, ಬ್ರೇಕ್ ಪೂರ್ತಿ ಆಫ್. ಬ್ರೇಕ್ ಆನ್ ಇದ್ದರೆ ನಿಲ್ಲುವಾಗಿನ ಎಳೆತಕ್ಕೆ ಪದರ ಕಲಕುತ್ತೆ. ಹಳೇ ಯಂತ್ರಗಳಲ್ಲಿ ಆರ್‌ಪಿಎಂ ಮಾತ್ರ ತೋರಿಸುತ್ತೆ, ಬೇರೆಯವರ ಆರ್‌ಪಿಎಂ ಕಾಪಿ ಮಾಡಬೇಡಿ. ರೋಟರ್ ತ್ರಿಜ್ಯ 16 ಸೆಂ.ಮೀ. ಇದ್ದರೆ 400 ಜಿ ಅಂದರೆ ಸುಮಾರು 1500, 10 ಸೆಂ.ಮೀ. ಇದ್ದರೆ ಸುಮಾರು 1900. ಸ್ಕೇಲ್ ಇಟ್ಟು ಅಳೆದು ಯಂತ್ರದ ಮೇಲೇ ಬರೆದು ಅಂಟಿಸಿ.

ಟ್ಯೂಬನ್ನು ಕಿಟಕಿ ಬೆಳಕಿಗೆ ಕಣ್ಣಿನ ಮಟ್ಟಕ್ಕೆ ಹಿಡಿದರೆ ಮೇಲೆ ಹಳದಿ ಪ್ಲಾಸ್ಮಾ, ಅದರ ಕೆಳಗೆ ಹಾಲಿನ ಕೆನೆಯಷ್ಟು ತೆಳು ಬಿಳಿ ಉಂಗುರ, ಆಮೇಲೆ ತಿಳಿ ಫೈಕಾಲ್, ತಳದಲ್ಲಿ ಕೆಂಪು. ಉಂಗುರ ಮಾತ್ರ ತೆಗೆಯಿರಿ. ಫೈಕಾಲ್ ಜಾಸ್ತಿ ಬಂದರೆ ಮೊದಲ ವಾಶ್‌ನಲ್ಲಿ ಕೋಶ ತಳಕ್ಕೇ ಕೂರುವುದಿಲ್ಲ, "ಕೋಶವೇ ಇಲ್ಲ" ಅನ್ನಿಸುತ್ತೆ. ಕನಿಷ್ಠ ಮೂರು ಪಟ್ಟು ಪಿಬಿಎಸ್ ಸೇರಿಸಿ 300 ಜಿ, 10 ನಿಮಿಷ. ಎರಡನೇ ವಾಶ್ 200 ಜಿ, 10 ನಿಮಿಷ. ಪ್ಲೇಟ್‌ಲೆಟ್‌ಗಳು ಮೇಲೇ ಉಳಿದು ಹೋಗಲಿ ಅಂತ.

ಪದರ ಕೆಂಪಗಿದ್ದರೆ ದಾನಿಯ ಹಿಮೋಗ್ಲೋಬಿನ್ ನೋಡಿ. ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಕೆಂಪುಕಣಗಳು ಹಗುರ, ಪದರದಲ್ಲೇ ಸಿಕ್ಕಿಕೊಳ್ಳುತ್ತವೆ. ಅಮೋನಿಯಂ ಕ್ಲೋರೈಡ್ ಲೈಸಿಸ್ ಬಫರ್ ಹಾಕಿ 3ರಿಂದ 5 ನಿಮಿಷ ಬಿಟ್ಟು ತೊಳೆದರೆ ಸರಿಹೋಗುತ್ತೆ. ಇನ್ನೊಂದು ಕಣ್ಣಿಗೆ ಕಾಣದ ಕಲಬೆರಕೆ ಇದೆ. ಕ್ಷಯದಂಥ ರೋಗ ಇರುವವರಲ್ಲಿ, ಅಥವಾ ತೆಗೆದು ಒಂದು ದಿನ ಕಳೆದ ರಕ್ತದಲ್ಲಿ, ನ್ಯೂಟ್ರೋಫಿಲ್ ಎಂಬ ಬೇರೆ ಬಗೆಯ ಬಿಳಿಕಣಗಳೂ ಹಗುರಾಗಿ ಬಿಳಿ ಪದರಕ್ಕೆ ಬರುತ್ತವೆ. ಪದರದ ಒಂದು ಹನಿ ಸ್ಲೈಡ್ ಮೇಲೆ ಹಚ್ಚಿ ಲೀಶ್‌ಮನ್ ಸ್ಟೇನ್ ಹಾಕಿ: ಹಲವು ಹಾಲೆಗಳ ನ್ಯೂಕ್ಲಿಯಸ್ ಕಂಡರೆ ಅವೇ. ಹತ್ತು ನಿಮಿಷದ ಕೆಲಸ, ಪ್ರತಿ ಸಲ ಮಾಡಿ. ರಕ್ತವನ್ನು ಬೇರ್ಪಡಿಸುವ ಮೊದಲು ಫ್ರಿಜ್‌ನಲ್ಲಿ ಇಡಬೇಡಿ, ತಂಪಾದ ಕೋಣೆಯಲ್ಲಿಟ್ಟು 8 ಗಂಟೆಯೊಳಗೆ ಮುಗಿಸಿ.

ಎಣಿಕೆಗೆ ನ್ಯೂಬಾವರ್ ಚೇಂಬರ್ ಸಾಕು. ಸತ್ತ ಕೋಶಕ್ಕೆ ನೀಲಿ ಹಿಡಿಸುವ ಟ್ರೈಪಾನ್ ಬ್ಲೂ ಹಾಕಿ ಐದು ನಿಮಿಷದೊಳಗೆ ಎಣಿಸಿ, ತಡವಾದರೆ ಆ ಬಣ್ಣವೇ ಕೋಶ ಕೊಲ್ಲುತ್ತೆ.

ಉತ್ತರ: ಕೊಪ್ಪಳ, ಲ್ಯಾಬ್ ಉಪಕರಣ ನೋಡಿಕೊಳ್ಳುವವರು

ಮೇಡಂ, ನಾಕನೇ ದಿನಕ್ಕ ಕೋಶ ಸಾಯಾಕತ್ತಾವಂದ್ರ ಮೀಡಿಯಂ ಬದಲಿ ಮಾಡೂಕಿಂತ ಮೊದ್ಲ ಥರ್ಮಾಮೀಟರ್ ಇಡ್ರಿ. ಮಾಮೂಲಿ ಸಿಒ2 ಇನ್‌ಕ್ಯುಬೇಟರ್‌ಗೆ ಬಿಸಿ ಮಾಡೋದಷ್ಟ ಬರ್ತದ, ತಣ್ಣಗ ಮಾಡೋದು ಬರಂಗಿಲ್ಲ. ಒಳಗ 37 ನಿಲ್ಲಬೇಕಂದ್ರ ಹೊರಗಿನ ಖೋಲಿ ಕಡಿಮಿ ಅಂದ್ರೂ 5 ಡಿಗ್ರಿ ತಣ್ಣಗಿರಬೇಕು, ಅಂದ್ರ 32ರ ಒಳಗ. ನಮ್ಮ ಕಡಿ ಬ್ಯಾಸಿಗ್ಯಾಗ ಹೊರಗ 40 ದಾಟತದ. ರಾತ್ರಿ ಎಸಿ ಬಂದ್ ಮಾಡಿ ಬೀಗ ಹಾಕಿ ಹೋದ್ರ ಖೋಲಿ 36, 37ಕ್ಕ ಹೋಗ್ತದ, ಇನ್‌ಕ್ಯುಬೇಟರ್ ಒಳಗ 39 ಆಗ್ತದ. ಡಿಸೆಂಬರ್‌ಕ್ಕ ಚಲೋ ಇದ್ದು ಮಾರ್ಚ್‌ಕ್ಕ ಕೆಡೋದು ಇದಕ್ಕ.

ನೀರು ತುಂಬಿದ ಬಾಟಲಿಯೊಳಗ ಗಾಜಿನ ಥರ್ಮಾಮೀಟರ್ ಇಟ್ಟು ರಾತ್ರಿ ಪೂರಾ ಬಿಡ್ರಿ, ಮುಂಜಾನೆ ಬಾಗಿಲಾ ತೆಗದ ಕೂಡ್ಲೆ ಓದ್ರಿ. ಡಿಸ್‌ಪ್ಲೇ ಒಂದನ್ನ ನಂಬಬ್ಯಾಡ್ರಿ. ಎರಡು ಎಸಿ ಹಾಕಿ ಪಾಳಿ ಮ್ಯಾಲೆ ಹಗಲು ರಾತ್ರಿ ನಡೆಸ್ರಿ. ಮೈನಸ್ 80 ಫ್ರೀಜರ್ ಅದ ಖೋಲ್ಯಾಗ ಇದ್ದರ ಹೊರಗ ಹಾಕ್ರಿ, ಅದರ ಹಿಂದ ಬರೂ ಬಿಸಿ ಗಾಳಿ ಬಾಳ. ಇನ್‌ಕ್ಯುಬೇಟರ್‌ಗೆ ಅಂತ ಬ್ಯಾರೆ ಯುಪಿಎಸ್ ಇರ್ಲಿ. ಕರೆಂಟ್ ಹೋದಾಗ ಬಾಗಿಲಾ ತೆಗಿಬ್ಯಾಡ್ರಿ.

ಒಣ ಹವಾಕ್ಕ ಒಳಗಿನ ನೀರಿನ ಟ್ರೇ ಲಗೂ ಇಂಗ್ತದ. ಎರಡು ದಿನಕ್ಕೊಮ್ಮೆ ನೋಡ್ರಿ, ಸ್ಟೆರೈಲ್ ಡಿಸ್ಟಿಲ್ಡ್ ನೀರು ಅಷ್ಟ ಹಾಕ್ರಿ. ಬೋರ್ ನೀರು ಹಾಕಿದ್ರ ಸುಣ್ಣ ಕಟ್ಟತದ. 96 ಗುಣಿ ಪ್ಲೇಟಿನ ಅಂಚಿನ 36 ಗುಣಿಗೆ ಬರೇ ಪಿಬಿಎಸ್ ತುಂಬಿ, ಒಳಗಿನ 60ರಾಗ ಕೋಶ ಹಾಕ್ರಿ. ಗಣಿ ಲಾರಿ ಓಡಾಡೂ ಕಡಿ ಲ್ಯಾಮಿನಾರ್ ಹುಡ್‌ನ ಪ್ರಿ-ಫಿಲ್ಟರ್ ತಿಂಗಳಿಗೊಮ್ಮೆ ತೆಗೆದು ತೊಳೀರಿ, ಇಲ್ಲಂದ್ರ ಕೆಂಪು ಧೂಳಿಗೆ ಹೆಪಾ ಫಿಲ್ಟರ್ ಲಗೂ ಕಟ್ಟತದ.

ಕೇಳಿದವರು: ಧನ್ಯವಾದ ಸರ್. ಇವತ್ತು ಬೆಳಿಗ್ಗೆ ಥರ್ಮಾಮೀಟರ್ 38.8 ತೋರಿಸಿತು. ಡಿಸ್‌ಪ್ಲೇನಲ್ಲಿ 37 ಇತ್ತು. ಇನ್ನು ಧೂಳಿನಲ್ಲಿರುವ ಸಿಲಿಕಾವನ್ನು ಕೋಶಕ್ಕೆ ಹಾಕುವ ಪ್ರಯೋಗ ಹೇಗೆ ಜೋಡಿಸಬೇಕು? 10 ಮಿ.ಲೀ. ರಕ್ತದಲ್ಲಿ ಎಷ್ಟು ಮ್ಯಾಕ್ರೋಫೇಜ್ ಸಿಗಬಹುದು?

ಉತ್ತರ: ಬಳ್ಳಾರಿ ಮೂಲ, ಈಗ ಬೆಂಗಳೂರಿನಲ್ಲಿ ಮ್ಯಾಕ್ರೋಫೇಜ್ ಕೆಲಸ

ತಂಗಿ, ಮೊದಲು ಲೆಕ್ಕ. ಆರೋಗ್ಯವಂತರ ಒಂದು ಮಿ.ಲೀ. ರಕ್ತಕ್ಕೆ ಸುಮಾರು 10 ಲಕ್ಷ ಕೋಶ ಬಿಳಿ ಪದರದಲ್ಲಿ ಸಿಗುತ್ತವೆ. 10 ಮಿ.ಲೀ.ಗೆ ಒಂದು ಕೋಟಿ. ಅದರಲ್ಲಿ ಮಾನೋಸೈಟ್ 10ರಿಂದ 20 ಲಕ್ಷ. ಅಂಟಿಸಿ, ತೊಳೆದು, ಏಳು ದಿನ ಬೆಳೆಸುವಷ್ಟರಲ್ಲಿ ಅರ್ಧ ಹೋಯಿತು ಅಂದುಕೊಳ್ಳಿ. 24 ಗುಣಿ ಪ್ಲೇಟಿನಲ್ಲಿ ಗುಣಿಗೆ ಎರಡೂವರೆ ಲಕ್ಷ ಹಾಕಿದರೆ 2ರಿಂದ 4 ಗುಣಿ, ಅಷ್ಟೇ. ಕಂಟ್ರೋಲ್‌ಗಳಿಗೇ ಸಾಲುವುದಿಲ್ಲ. ಆದ್ದರಿಂದ ಡೋಸ್, ಸಮಯ ಹೊಂದಿಸುವ ಕೆಲಸವೆಲ್ಲ ಟಿಎಚ್‌ಪಿ-1 ಎಂಬ, ಲ್ಯಾಬಿನಲ್ಲೇ ಬೆಳೆಯುತ್ತಾ ಹೋಗುವ ಮಾನೋಸೈಟ್ ಬಗೆಯ ಕೋಶಗಳಲ್ಲಿ ಮಾಡಿಕೊಳ್ಳಿ. ಪುಣೆಯ ಎನ್‌ಸಿಸಿಎಸ್‌ನ ಕೋಶ ಭಂಡಾರದಿಂದ ತರಿಸಬಹುದು. ಅವನ್ನು ಮ್ಯಾಕ್ರೋಫೇಜ್ ಮಾಡುವ ರಾಸಾಯನಿಕ ಪಿಎಂಎ ಮಿ.ಲೀ.ಗೆ 25 ನ್ಯಾನೋಗ್ರಾಂ, 48 ಗಂಟೆ. ಆಮೇಲೆ ತೊಳೆದು ಪಿಎಂಎ ಇಲ್ಲದ ಮೀಡಿಯಂನಲ್ಲಿ 24 ಗಂಟೆ ವಿಶ್ರಾಂತಿ. ಪಿಎಂಎ ಜಾಸ್ತಿಯಾದರೆ ಕೋಶ ಮೊದಲೇ ಉದ್ರೇಕಗೊಂಡು, ಧೂಳಿನ ಪರಿಣಾಮ ಎದ್ದು ಕಾಣುವುದೇ ಇಲ್ಲ. ನಿಜವಾದ ರಕ್ತದ ಮಾನೋಸೈಟ್‌ಗೆ ಎಂ-ಸಿಎಸ್‌ಎಫ್ (ಮ್ಯಾಕ್ರೋಫೇಜ್ ಆಗಲು ಬೇಕಾದ ಬೆಳವಣಿಗೆ ಪ್ರೋಟೀನ್) ಮಿ.ಲೀ.ಗೆ 50 ನ್ಯಾನೋಗ್ರಾಂ, ಮೂರನೇ ದಿನ ಅರ್ಧ ಮೀಡಿಯಂ ಬದಲು. ಆ ಅಮೂಲ್ಯ ಗುಣಿಗಳನ್ನು ಕೊನೆಯ ಖಾತರಿಗೆ ಇಟ್ಟುಕೊಳ್ಳಿ.

ಸಿಲಿಕಾ ಹರಳನ್ನು ಮ್ಯಾಕ್ರೋಫೇಜ್ ನುಂಗುತ್ತೆ, ಜೀರ್ಣಿಸಲಾಗುವುದಿಲ್ಲ, ಹರಳು ಲೈಸೋಸೋಮ್ ಚೀಲವನ್ನೇ ಹರಿಯುತ್ತೆ. ಅದರಿಂದ ಎನ್‌ಎಲ್‌ಆರ್‌ಪಿ3 ಇನ್‌ಫ್ಲಮಸೋಮ್ (ಉರಿಯೂತ ಶುರುಮಾಡುವ ಪ್ರೋಟೀನ್ ಗುಂಪು) ಎಚ್ಚರಗೊಂಡು ಐಎಲ್-1ಬೀಟಾ ಎಂಬ ಉರಿಯೂತದ ಸಂಕೇತ ಹೊರಬರುತ್ತೆ ಎಂಬುದು 2008ರಲ್ಲಿ ಬೇರೆ ಬೇರೆ ಗುಂಪುಗಳಿಂದ ಖಚಿತವಾಯಿತು. ಇದಕ್ಕೆ ಎರಡು ಸೂಚನೆ ಬೇಕು: ಮೊದಲು ಎಲ್‌ಪಿಎಸ್ ಮಿ.ಲೀ.ಗೆ 100 ನ್ಯಾನೋಗ್ರಾಂ 3 ಗಂಟೆ, ಆಮೇಲೆ ಸಿಲಿಕಾ ಮಿ.ಲೀ.ಗೆ 50, 100, 200 ಮೈಕ್ರೋಗ್ರಾಂ, 6 ಗಂಟೆ.

ಇಲ್ಲೇ ಜನ ಎಡವುವುದು. ಎಲ್‌ಪಿಎಸ್ ಅಂದರೆ ಬ್ಯಾಕ್ಟೀರಿಯಾ ಗೋಡೆಯ ಚೂರು, ಅದು ಗಣಿ ಮಣ್ಣಿನಲ್ಲೂ ಇರುತ್ತೆ. ತಂದ ಧೂಳನ್ನು ಹಾಗೇ ಹಾಕಿದರೆ ಸಿಲಿಕಾ ಕೆಲಸವೋ ಬ್ಯಾಕ್ಟೀರಿಯಾ ಕೆಲಸವೋ ಗೊತ್ತಾಗುವುದಿಲ್ಲ. ಆಟೋಕ್ಲೇವ್‌ನ 121 ಡಿಗ್ರಿಗೆ ಎಲ್‌ಪಿಎಸ್ ಜಗ್ಗುವುದಿಲ್ಲ. ಗಾಜಿನ ಪಾತ್ರೆಯಲ್ಲಿ 250 ಡಿಗ್ರಿ ಒಣ ಶಾಖ, 30 ನಿಮಿಷ. ನಂತರ ಎಲ್‌ಪಿಎಸ್ ಉಳಿದಿದೆಯಾ ಎಂದು ನೋಡುವ ಎಲ್‌ಎಎಲ್ ಪರೀಕ್ಷೆ. ಎಲ್‌ಪಿಎಸ್ ಕೊಡದೆ ಧೂಳು ಮಾತ್ರ ಹಾಕಿದ ಗುಣಿ ಇರಲೇಬೇಕು. ಅದರಲ್ಲೇ ಐಎಲ್-1ಬೀಟಾ ಬಂದರೆ ಧೂಳು ಇನ್ನೂ ಶುದ್ಧವಾಗಿಲ್ಲ ಎಂದು ಮೊದಲು ಅನುಮಾನಿಸಿ. ಜೊತೆಗೆ ನೈಜೆರಿಸಿನ್ 10 ಮೈಕ್ರೋಮೋಲಾರ್ ಒಂದು ಗಂಟೆ, ಪಾಸಿಟಿವ್ ಕಂಟ್ರೋಲ್‌ಗೆ. ಎನ್‌ಎಲ್‌ಆರ್‌ಪಿ3 ತಡೆಯುವ ಎಂಸಿಸಿ950 ಹಾಕಿದ ಗುಣಿ ಒಂದು.

ಬಳ್ಳಾರಿ, ಸಂಡೂರಿನ ಧೂಳಿನಲ್ಲಿ ಕಬ್ಬಿಣದ ಆಕ್ಸೈಡ್ ಮುಖ್ಯ, ಹಟ್ಟಿ ಚಿನ್ನದ ಗಣಿ ಕಡೆಯದ್ದು ಬೇರೆಯೇ ಬಂಡೆ. ಯಾವ ಖನಿಜ ಇದೆ ಎಂದು ತೋರಿಸುವ ಎಕ್ಸ್‌ಆರ್‌ಡಿ ಮಾಡಿಸದೆ "ಗಣಿ ಧೂಳು" ಎಂದಷ್ಟೇ ಬರೆದರೆ ವಿಮರ್ಶಕರು ಒಪ್ಪುವುದಿಲ್ಲ. ಹೊಸದಾಗಿ ಒಡೆದ ಸ್ಫಟಿಕ ಹಳೆಯದಕ್ಕಿಂತ ಹೆಚ್ಚು ಹಾನಿಕರ, ಪುಡಿ ಮಾಡಿದ ದಿನಾಂಕ ಬರೆದಿಡಿ. ಐಎಲ್-1ಬೀಟಾ ಅಳೆಯುವ ಎಲೈಸಾ ಪರೀಕ್ಷೆಗೆ ಮೊದಲು ದ್ರವವನ್ನು ತಿರುಗಿಸಿ ಕಣ ತೆಗೆಯಿರಿ. ಕಣಗಳು ಪ್ರೋಟೀನನ್ನು ಮೈಗೆ ಹಚ್ಚಿಕೊಳ್ಳುತ್ತವೆ. ಗೊತ್ತಿರುವಷ್ಟು ಐಎಲ್-1ಬೀಟಾಗೆ ಧೂಳು ಬೆರೆಸಿ ಎಷ್ಟು ಕಳೆದುಹೋಗುತ್ತೆ ಎಂದು ಒಮ್ಮೆ ಅಳೆಯಿರಿ.

ಉತ್ತರ: ಬಳ್ಳಾರಿ, ಕಾಲೇಜು ಅಧ್ಯಾಪಕರು

ಬೆಂಗಳೂರಿಗೆ ಹೋಗಬೇಕಾ ಎಂಬ ಪ್ರಶ್ನೆಯನ್ನು ಕೋಶದ ಕಡೆಯಿಂದ ನೋಡಿ. ಯಾವ ಕೋಶ ಪ್ರಯಾಣ ತಡೆಯುತ್ತೆ, ಯಾವುದು ತಡೆಯಲ್ಲ? ಲಿಂಫೋಸೈಟ್‌ಗಳನ್ನು 10 ಶೇಕಡಾ ಡಿಎಂಎಸ್‌ಒ (ಹೆಪ್ಪುಗಟ್ಟುವಾಗ ಕೋಶ ಒಡೆಯದಂತೆ ಕಾಯುವ ದ್ರವ), 90 ಶೇಕಡಾ ಸೀರಮ್‌ನಲ್ಲಿ ನಿಮಿಷಕ್ಕೆ 1 ಡಿಗ್ರಿಯಂತೆ ತಣಿಸಿ ದ್ರವ ಸಾರಜನಕದಲ್ಲಿ ಇಟ್ಟರೆ ವರ್ಷಗಟ್ಟಲೆ ಇರುತ್ತವೆ, ಎಲ್ಲಿಗಾದರೂ ಒಯ್ಯಬಹುದು. ನ್ಯೂಟ್ರೋಫಿಲ್ ಹಾಗಲ್ಲ. ಫ್ರೀಜ್ ಮಾಡಿದರೆ ಸಾಯುತ್ತೆ, ಕೆಲವೇ ಗಂಟೆ ಬಾಳುತ್ತೆ. ದೊಡ್ಡ ನಗರದ ಎಷ್ಟೋ ಲ್ಯಾಬ್‌ಗೆ ಗಣಿ ಕಾರ್ಮಿಕರ ತಾಜಾ ರಕ್ತ ಸಿಗುವುದೇ ಇಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಫೈಕಾಲ್ ತಳದಲ್ಲಿ ನೀವು ಚೆಲ್ಲುವ ಕೆಂಪಿನಲ್ಲೇ ನ್ಯೂಟ್ರೋಫಿಲ್‌ಗಳಿವೆ. 3 ಶೇಕಡಾ ಡೆಕ್ಸ್‌ಟ್ರಾನ್‌ನಲ್ಲಿ 20ರಿಂದ 30 ನಿಮಿಷ ನಿಲ್ಲಿಸಿ ಮೇಲಿನದ್ದು ತೆಗೆಯಿರಿ, ವೋರ್ಟೆಕ್ಸ್ ಮಾಡಬೇಡಿ. ಅವು ಡಿಎನ್‌ಎ ಬಲೆ ಬೀಸುವುದನ್ನು, 2004ರಲ್ಲಿ ವರದಿಯಾದ ಆ ನೆಟ್‌ಗಳನ್ನು, ನೋಡಲು ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಸಾಕು.

ನೈತಿಕ ಸಮಿತಿಯ ಅನುಮತಿ ರಕ್ತ ತೆಗೆಯುವ ಮೊದಲೇ ಬೇಕು, ಒಪ್ಪಿಗೆ ಪತ್ರ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಇರಲಿ. ಹೆಪಟೈಟಿಸ್ ಬಿ ಲಸಿಕೆ 0, 1, 6 ತಿಂಗಳಿಗೆ; ಇವತ್ತೇ ಶುರು ಮಾಡಿ. ದ್ರವ ಸಾರಜನಕಕ್ಕೆ ಪಶುಸಂಗೋಪನಾ ಇಲಾಖೆಯವರನ್ನು ವಿಚಾರಿಸಿ, ಕೃತಕ ಗರ್ಭಧಾರಣೆಯ ವೀರ್ಯ ಇಡಲು ಅವರು ದಿನಾ ಬಳಸುತ್ತಾರೆ.

ಉತ್ತರ: ಫ್ಲೋ ಸೈಟೋಮೆಟ್ರಿ ನಡೆಸುವವರು

ಸಂಶೋಧನಾ ಉಪಕರಣ ಹಂಚಿಕೊಳ್ಳುವ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಯಾವ ಯಂತ್ರ ಎಲ್ಲಿದೆ ನೋಡಿ ಸಮಯ ಕಾಯ್ದಿರಿಸಬಹುದು. ಸ್ಟೇನ್ ಬಳ್ಳಾರಿಯಲ್ಲೇ ಮಾಡಿ, ಸಂಜೆ ಫಿಕ್ಸ್ ಮಾಡಿ (ಕೋಶ ಇದ್ದಂತೆಯೇ ಉಳಿಯುವಂತೆ ರಾಸಾಯನಿಕ ಹಾಕಿ), ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ತಂದು ಮರುದಿನವೇ ಓದಿಸಿ. ಸತ್ತ ಕೋಶ ಗುರುತಿಸಲು ಫಿಕ್ಸ್ ತಡೆಯುವ ಡೈ ಬೇಕು. ಪ್ರೊಪಿಡಿಯಂ ಅಯೋಡೈಡ್, 7-ಎಎಡಿ ಎರಡೂ ಇದಕ್ಕೆ ಆಗುವುದಿಲ್ಲ. ಆ ಡೈಯನ್ನು ಪ್ರೋಟೀನ್ ಇಲ್ಲದ ಪಿಬಿಎಸ್‌ನಲ್ಲಿ ಮೊದಲು ಹಾಕಿ, ತೊಳೆದು, ಆಂಟಿಬಾಡಿ ಬೇಡದ ಕಡೆ ಅಂಟದಂತೆ ತಡೆಯುವ ಎಫ್‌ಸಿ ಬ್ಲಾಕ್ 10 ನಿಮಿಷ, ಆಮೇಲೆ ಆಂಟಿಬಾಡಿ 4 ಡಿಗ್ರಿಯಲ್ಲಿ 30 ನಿಮಿಷ ಕತ್ತಲಲ್ಲಿ. 1 ಶೇಕಡಾ ಪ್ಯಾರಾಫಾರ್ಮಾಲ್ಡಿಹೈಡ್ 20 ನಿಮಿಷ, ತೊಳೆದು ಬಫರ್‌ನಲ್ಲಿಡಿ. ಪಿಇ-ಸೈ7ನಂಥ ಜೋಡಿ ಡೈ ಬೇಡ: ಬೆಳಕು, ಬಿಸಿ, ಫಿಕ್ಸ್‌ಗೆ ಮುರಿದು ಪಿಇ ಚಾನೆಲ್‌ನಲ್ಲಿ ಸುಳ್ಳು ಸಿಗ್ನಲ್ ಕೊಡುತ್ತೆ. ಒಂದೊಂದೇ ಬಣ್ಣದ ಕಂಟ್ರೋಲ್ ಟ್ಯೂಬ್‌ಗಳನ್ನೂ ಹೀಗೇ ಫಿಕ್ಸ್ ಮಾಡಿ ಜೊತೆಗೆ ತನ್ನಿ, ಇಲ್ಲವಾದರೆ ಕಾಂಪೆನ್ಸೇಶನ್ (ಒಂದು ಬಣ್ಣ ಇನ್ನೊಂದರಲ್ಲಿ ಬೆರೆತದ್ದನ್ನು ಕಳೆಯುವ ಲೆಕ್ಕ) ಕೂರುವುದಿಲ್ಲ.

ಕೇಳಿದವರು: ಐಸ್ ಬಾಕ್ಸ್‌ನಲ್ಲಿ ತಂದರೆ ಸಾಕಾ ಸರ್?

ಫ್ಲೋ ಸೈಟೋಮೆಟ್ರಿ ನಡೆಸುವವರು: ಜೆಲ್ ಪ್ಯಾಕ್ ಮೈನಸ್ 20ರಿಂದ ತೆಗೆದು ನೇರ ಇಟ್ಟರೆ ತಾಗಿದ ಟ್ಯೂಬ್ ಹೆಪ್ಪುಗಟ್ಟಿ ಕೋಶ ಒಡೆಯುತ್ತೆ. ಪ್ಯಾಕ್ ಹೊರಗಿಟ್ಟು ಮೇಲೆ ನೀರು ಬೆವರುವವರೆಗೆ ಕಾಯಿರಿ. ಟ್ಯೂಬ್‌ಗಳಿಗೆ ಫಾಯಿಲ್ ಸುತ್ತಿ, ಪ್ಯಾಕ್‌ಗೂ ಟ್ಯೂಬ್ ಸ್ಟ್ಯಾಂಡಿಗೂ ನಡುವೆ ಎರಡು ಮಡಿಕೆ ಟವೆಲ್ ಹಾಕಿ, ಒಳಗೊಂದು ಥರ್ಮಾಮೀಟರ್ ಇಡಿ. 2ರಿಂದ 8 ಡಿಗ್ರಿ ಇರಲಿ. ಓದಿಸುವ ಮೊದಲು 40 ಮೈಕ್ರಾನ್ ಜಾಲರಿಯಲ್ಲಿ ಸೋಸಿ.