ಮಿಸ್ವಾಕ್ ಕಡ್ಡಿಲಿ ಹಲ್ಲುಜ್ಜೋರು ಇದೀರಾ ಇಲ್ಲಿ? ಬಾಯಿ ವಾಸನೆ ನಿಜವಾಗ್ಲೂ ಹೋಗುತ್ತಾ?

ಡೊಂಬಿವ್ಲಿ_ಫಾಸ್ಟ್:
ಎಲ್ಲರಿಗೂ ನಮಸ್ಕಾರ. ನಾನಿರೋದು ಮುಂಬೈ ಹತ್ರದ ಡೊಂಬಿವ್ಲಿ, ಆಫೀಸ್ ಮುಂಬೈನ ಮಸ್ಜಿದ್ ಬಂದರ್ ಹತ್ರ. ಬೆಳಿಗ್ಗೆ ಬ್ರಷ್ ಮಾಡಿ ಟೀ ಕುಡ್ದು ಲೋಕಲ್ ಟ್ರೈನ್ ಹತ್ತಿದ್ರೆ ಇಳಿಯೋ ಹೊತ್ತಿಗೆ ಬಾಯೆಲ್ಲ ಒಣಗಿ ಒಂಥರಾ ವಾಸನೆ, ಆ ರಶ್ಶಲ್ಲಿ ಎದುರಿಗಿರೋನ ಮೂಗು ನಮ್ಮ ಬಾಯಿ ಹತ್ರಾನೇ ಇರುತ್ತೆ, ಮಾತಾಡೋಕೇ ಮುಜುಗರ. ಮೌತ್‌ವಾಶ್ ಹಾಕಿದ್ರೆ ಅರ್ಧ ಗಂಟೆ ಅಷ್ಟೇ. ಮೊನ್ನೆ ಮೊಹಮ್ಮದ್ ಅಲಿ ರೋಡಲ್ಲಿ ಮಿನಾರಾ ಮಸೀದಿ ಹತ್ರ ಮಿಸ್ವಾಕ್ ಕಡ್ಡಿ ಮಾರ್ತಿದ್ರು, ತಗೊಂಬಂದೆ. ಅಗಿದ್ರೆ ಮೂಲಂಗಿ ಥರ ಖಾರ ಹೊಡಿಯುತ್ತೆ, ಇದು ನಾರ್ಮಲ್ಲಾ? ಒಂದು ಕಡ್ಡಿ ಎಷ್ಟು ದಿನ ಬರುತ್ತೆ? ಪೇಸ್ಟ್ ಬಿಟ್ಟು ಬರೀ ಇದ್ರಲ್ಲೇ ಉಜ್ಜಬಹುದಾ, ಇಲ್ಲಾ ಮೆಸ್ವಾಕ್ ಪೇಸ್ಟ್ ತಂದ್ರೂ ಅದೇ ಆಗುತ್ತಾ? ನಮ್ಮ ಸೊಸೈಟಿ ಕಾಂಪೌಂಡಲ್ಲಿ ಬೇವಿನ ಮರಾನೂ ಇದೆ, ಊರಲ್ಲಿ ಅಜ್ಜ ಅದ್ರಲ್ಲೇ ಉಜ್ತಿದ್ದಿದ್ದು, ಎರಡ್ರಲ್ಲಿ ಯಾವ್ದು ಬೆಟರ್?

ಕಲಬುರ್ಗಿ_ಟು_ಕುರ್ಲಾ:
ಅಣ್ಣಾ ಖಾರ ಬಂತಂದ್ರ ಖುಷಿ ಪಡ್ರಿ, ತಾಜಾ ಮಾಲ್ ಸಿಕ್ಕದ ನಿಮಗ. ಖಾರಾನೂ ಇಲ್ಲ ವಾಸನಿನೂ ಇಲ್ಲ ಅಂದ್ರ ಅದು ಒಣಗಿದ ಕಟ್ಟಿಗಿ ಅಷ್ಟೇ. ನಮ್ಮ ಮನ್ಯಾಗ ಅಬ್ಬಾ ನಮಾಜಿಗಿ ಮೊದಲ ವುಜೂ (ಕೈಕಾಲು ಮುಖ ತೊಳಕೊಳ್ಳೂದು) ಮಾಡುಮುಂದ ಮಿಸ್ವಾಕ್ ಮಾಡೇ ಮಾಡ್ತಾರ, ಅದು ಸುನ್ನತ್, ಅಂದ್ರ ಪ್ರವಾದಿಯವ್ರ ರೂಢಿ, ಹಿಂಗಾಗಿ ದಿನಕ್ಕ ನಾಕೈದು ಸಲ ಸ್ವಲ್ಪ ಸ್ವಲ್ಪ ಆಗೇ ಆಗ್ತದ. ರಮ್ಜಾನ್‌ದಾಗಂತೂ ರೋಜಾ ಇದ್ದಾಗ ಪೇಸ್ಟ್ ಹಚ್ಚೂದು ಬ್ಯಾಡಂತ ಇದನ್ನ ಮಾಡ್ತೀವಿ, ಹೊಟ್ಟಿ ಖಾಲಿ ಇದ್ದು ಬಾಯಿ ಒಣಗಿದಾಗ ಇದು ಬಾಳ ಛಲೋ ಅನಸ್ತದ.

ಮಾಡೂದು ಹೆಂಗಂದ್ರ, ತುದಿಗಿ ಒಂದು ಸೆಂಟಿಮೀಟರ್ ಅಷ್ಟು ತೊಗಟಿ ಚಾಕುಲೆ ತಗೀರಿ, ಒಣಗಿದ್ರ ನೀರಾಗ ನೆನಿ ಹಾಕ್ರಿ, ಆಮ್ಯಾಲ ಮೆತ್ತಗ ಅಗೀರಿ, ನಾರು ಬಿಚ್ಚಿ ಬ್ರಷ್ ಆಗ್ತದ. ಜೋರು ಕಚ್ಚಬ್ಯಾಡ್ರಿ, ಮುರದು ಬಾಯಾಗ ಬರ್ತದ. ನಾರು ಸವದು ಖಾರ ಹೋಯ್ತಂದ್ರ ಆ ತುದಿ ಕತ್ತರಿಸಿ ಹೊಸಾದು ಬಿಡಿಸ್ಕೊಳ್ಳೂದು, ಕಡ್ಡಿ ಗೇಣಿನಷ್ಟು ಇದ್ರ ಆರಾಮ ಎರಡು ವಾರ ಬರ್ತದ. ಹಸೀದು ಇದ್ದಾಗ ಪ್ಲಾಸ್ಟಿಕ್ ಕವರ್‌ನ್ಯಾಗ ಕಟ್ಟಿ ಇಡಬ್ಯಾಡ್ರಿ ಮತ್ತ, ಮುಂಬೈ ಮಳಿಗಾಲದಾಗ ಬೂಷ್ಟು ಬರ್ತದ.

ಹಲ್ಲಿನ_ಡಾಕ್ಟ್ರು_ಪುಣೆ:
ಮೇಲಿನವ್ರು ಹೇಳಿದ್ದು ಸರಿ ಇದೆ, ನಾನು ಡೆಂಟಿಸ್ಟ್ ಆಗಿ ಒಂದೆರಡು ಸೇರಿಸ್ತೀನಿ. ಮಿಸ್ವಾಕ್ ಅಂದ್ರೆ ಪೀಲು ಗಿಡ, ಸಾಲ್ವಡೋರಾ ಪರ್ಸಿಕಾ, ಹೆಚ್ಚಾಗಿ ಅದ್ರ ಬೇರನ್ನೇ ಮಾರೋದು. ಆ ಖಾರ ಬರೋದು ಬೆಂಜೈಲ್ ಐಸೋಥಯೋಸೈನೇಟ್ ಅನ್ನೋ ವಸ್ತುವಿಂದ, ಸಾಸಿವೆ ಮೂಲಂಗಿಲಿರೋ ಘಾಟಿನ ಜಾತೀದೇ, ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡುತ್ತೆ. ಜೊತೆಗೆ ಸಿಲಿಕಾ ಇದೆ, ಅದು ಕಲೆ ಉಜ್ಜುತ್ತೆ, ಟ್ಯಾನಿನ್ ಇದೆ. ವಿಶ್ವ ಆರೋಗ್ಯ ಸಂಸ್ಥೆನೇ 1980ರ ದಶಕದಲ್ಲಿ, ರೂಢಿ ಇರೋ ಕಡೆ ಈ ಕಡ್ಡಿಗಳನ್ನ ಬಳಸಿ ಅಂತ ಪ್ರೋತ್ಸಾಹ ಕೊಟ್ಟಿತ್ತು, ಹಾಗಾಗಿ ಇದನ್ನ ಹಳ್ಳಿ ಮದ್ದು ಅಂತ ತಳ್ಳಿಹಾಕೋ ಹಾಗಿಲ್ಲ.

ಆದ್ರೆ ಎರಡು ಕೊರತೆ. ಬ್ರಷ್ಷಲ್ಲಿ ಕೂದಲು ಹಿಡಿಗೆ ಅಡ್ಡವಾಗಿ ನಿಂತಿರುತ್ತೆ, ಕಡ್ಡಿಲಿ ನಾರು ನೇರ ಮುಂದಕ್ಕೆ ಚಾಚಿರುತ್ತೆ, ಅದಕ್ಕೇ ಮುಂದಿನ ಹಲ್ಲು ಫಳಫಳ ಅನ್ನುತ್ತೆ, ದವಡೆ ಹಲ್ಲಿನ ಒಳಗಡೆ ಮಾತ್ರ ಹಾಗೇ ಉಳಿಯುತ್ತೆ, ಅಲ್ಲೇ ಪಾಚಿ ಕಟ್ಟೋದು. ಎರಡ್ನೇದು ಫ್ಲೋರೈಡ್. ಹುಳುಕು ತಡೆಯೋಕೆ ಬೇಕಾಗೋಷ್ಟು ಕಡ್ಡಿಲಿ ಸಿಗಲ್ಲ, ಹಾಗಾಗಿ ರಾತ್ರಿ ಮಲಗೋ ಮುಂಚೆ ಫ್ಲೋರೈಡ್ ಪೇಸ್ಟ್ ಬಿಡಬೇಡಿ. ಮೆಸ್ವಾಕ್ ಹೆಸರಿನ ಪೇಸ್ಟ್ ಆಗ್ಲಿ ಇನ್ಯಾವ್ದೇ ಆಗ್ಲಿ, ಹೆಸರು ನೋಡಬೇಡಿ, ಹಿಂದೆ ಫ್ಲೋರೈಡ್ 1000 ಪಿಪಿಎಂ ಆಸುಪಾಸು ಅಂತ ಇದ್ಯಾ ನೋಡಿ. ಮತ್ತೆ ಕಡ್ಡಿನ ಗರಗಸ ಆಡಿಸ್ದಂಗೆ ಅಡ್ಡಡ್ಡ ಎಳೀಬೇಡಿ, ಒಸಡು ಕೆಳಗಿಳಿದು ಬೇರು ಕಾಣ್ಸುತ್ತೆ, ಒಸಡಿಂದ ಹಲ್ಲಿನ ಕಡೆಗೆ ಉಜ್ಜಿ.

ಇನ್ನು ನಿಮ್ಮ ಅಸಲಿ ಪ್ರಾಬ್ಲಮ್ಮು ವಾಸನೆ. ನಾಲಿಗೆ ಹಿಂಭಾಗದಲ್ಲಿ ಬಿಳಿ ಪದರ ಇರುತ್ತಲ್ಲ, ಅಲ್ಲಿ ಬ್ಯಾಕ್ಟೀರಿಯಾಗಳು ಪ್ರೋಟೀನ್ ಒಡೆದು ಗಂಧಕದ ಗ್ಯಾಸ್ ಬಿಡ್ತವೆ, ಕೊಳೆತ ಮೊಟ್ಟೆ ವಾಸನೆ ಅದೇ. ಬಾಯಿ ಒಣಗಿದಷ್ಟೂ ಜಾಸ್ತಿ, ಯಾಕಂದ್ರೆ ತೊಳೆಯೋಕೆ ಎಂಜಲಿಲ್ಲ. ಕಡ್ಡಿ ಅಗಿದಾಗ ಎಂಜಲು ಸುರಿಯುತ್ತೆ, ಅದ್ರ ಅರ್ಧ ಲಾಭ ಅಲ್ಲೇ ಇದೆ ಅಂತ ನನ್ನ ಅನಿಸಿಕೆ. ಆದ್ರೆ ನಾಲಿಗೆ ಕೆರೆಯದೆ ಹಲ್ಲು ಎಷ್ಟು ಉಜ್ಜಿದ್ರೂ ವಾಸನೆ ವಾಪಸ್ ಬರುತ್ತೆ. ಒಸಡಲ್ಲಿ ರಕ್ತ ಬರ್ತಿದ್ರೆ ಕಡ್ಡಿ ಗಿಡ್ಡಿ ಬಿಟ್ಟು ಮೊದ್ಲು ಕ್ಲೀನಿಂಗ್ ಮಾಡಿಸಿ.

ಉಡುಪಿ_ಮಾಣಿ_ಥಾಣೆ:
ಡಾಕ್ಟ್ರು ಹೇಳಿದ್ದಕ್ಕೆ ನಮ್ಮೂರಲ್ಲಿ ಒಂದು ಪೈಸೆ ಖರ್ಚಿಲ್ಲದ ಉಪಾಯ ಉಂಟು ಮಾರಾಯ್ರೆ. ಮಾವಿನ ಎಲೆ ಮಡಚಿ ಹಲ್ಲುಜ್ಜುವುದು, ತೆಂಗಿನ ಗರಿಯ ಕಡ್ಡಿ ಸೀಳಿ ನಾಲಿಗೆ ಕೆರೆಯುವುದು, ಬಾವಿಕಟ್ಟೆಯಲ್ಲೇ ಎರಡೂ ಕೆಲಸ ಮುಗೀತು. ಇಲ್ಲಿ ಗರಿ ಎಲ್ಲಿ ಸಿಗ್ತದೆ ಹೇಳಿ, ಗಣಪತಿ ಹಬ್ಬಕ್ಕೆ ಮಾರ್ಕೆಟಿಗೆ ಬಂದರೆ ಬಂತು. ತಾಮ್ರದ್ದೋ ಸ್ಟೀಲಿದ್ದೋ ಟಂಗ್ ಕ್ಲೀನರ್ ತಗೊಳ್ಳಿ ಅತ್ಲಾಗೆ.

ಮಾಟುಂಗಾ_ರಿಟೈರ್ಡ್:
ಬೇವಿನ ಬಗ್ಗೆ ಯಾರೂ ಉತ್ತರ ಕೊಟ್ಟಿಲ್ಲ. ಸುಶ್ರುತ ಸಂಹಿತೆಯಲ್ಲಿ ಹಲ್ಲುಕಡ್ಡಿ ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನ ದಪ್ಪ ಇರ್ಬೇಕು, ಗಂಟು ಇರ್ಬಾರ್ದು ಅಂತ ಇದೆ. ಕಹಿಯಲ್ಲಿ ಬೇವು ಶ್ರೇಷ್ಠ, ಒಗರಲ್ಲಿ ಖದಿರ ಅಂದ್ರೆ ಕಗ್ಗಲಿ, ಸಿಹಿಯಲ್ಲಿ ಹಿಪ್ಪೆ, ಖಾರದಲ್ಲಿ ಹೊಂಗೆ. ನಿಮ್ಮಜ್ಜ ಮಾಡಿದ್ದೇನೂ ಕಮ್ಮಿ ಅಲ್ಲ. ಆದ್ರೆ ಚರಕ ಸಂಹಿತೆ ಪಟ್ಟಿಯಲ್ಲಿ ಕಣಗಿಲೆ, ಎಕ್ಕ ಕೂಡ ಬರುತ್ತೆ, ಈಗಿನವ್ರು ಅದನ್ನ ಓದ್ಕೊಂಡು ಹೈವೇ ಡಿವೈಡರಲ್ಲಿರೋ ಕಣಗಿಲೆ ಮುರಿದು ಬಾಯಿಗಿಟ್ರೆ ಹಲ್ಲಲ್ಲ ಹೃದಯಕ್ಕೇ ಏಟು, ಅದು ಪಕ್ಕಾ ವಿಷ. ಗಿಡ ಗುರುತು ಸಿಗದೆ ಯಾವ ಕಡ್ಡಿನೂ ಬೇಡ.

ಡೊಂಬಿವ್ಲಿ_ಫಾಸ್ಟ್:
ಎಲ್ರಿಗೂ ಥ್ಯಾಂಕ್ಸ್. ಡಾಕ್ಟ್ರೇ ರಕ್ತ ಬರಲ್ಲ, ಆದ್ರೆ ನಾಲಿಗೆ ನೋಡ್ಕೊಂಡೆ, ಹಿಂದೆಲ್ಲ ಬೆಳ್ಳಗಿದೆ 😬 ಇವತ್ತೇ ಕ್ಲೀನರ್ ತರ್ತೀನಿ. ಪೀಲು ಗಿಡ ಇಲ್ಲೇ ಥಾಣೆ ಖಾರಿ (ಕ್ರೀಕ್, ಸಮುದ್ರದ ಉಪ್ಪು ನೀರು ಒಳಗೆ ಬರೋ ಜಾಗ) ಪಕ್ಕ ಬೆಳೆಯುತ್ತೆ ಅಂತ ಒಬ್ರು ಅಂದ್ರು, ಹೌದಾ?

ಕಲಬುರ್ಗಿ_ಟು_ಕುರ್ಲಾ:
ಬೆಳೀತದ ಅಣ್ಣಾ, ಉಪ್ಪು ನೀರಿನ ದಂಡಿಗಿ ಮ್ಯಾಂಗ್ರೋವ್ (ಕಾಂಡ್ಲಾ ಕಾಡು) ಅಂಚಿನ್ಯಾಗ. ಆದ್ರ ಅಲ್ಲಿಗಿ ಹೋಗಿ ಕೀಳಬ್ಯಾಡ್ರಿ, ಮ್ಯಾಂಗ್ರೋವ್‌ನ್ಯಾಗ ಕೈ ಹಾಕಿದ್ರ ಕೇಸ್ ಆಗ್ತದ, ಮ್ಯಾಲ ಆ ಖಾರಿ ನೀರು ನೋಡೀರಲ್ಲ, ಅದನ್ನ ಕುಡದು ಬೆಳದ ಬೇರು ಬಾಯಾಗ ಇಡ್ತೀರೇನು? ಮಸೀದಿ ಹೊರಗ ಕುಂತವ್ರ ಹತ್ರ ತಗೋರಿ. ಕೊಳ್ಳುಮುಂದ ಬಗ್ಗಿಸಿ ನೋಡ್ರಿ, ಬಾಗಿದ್ರ ತಾಜಾ, ಲಟಕ್ ಅಂದ್ರ ವಾಪಸ್ ಇಡ್ರಿ.